ವಾದ್ಯವಿಲ್ಲದ ವಾದ್ಯಗೋಷ್ಠಿ: ಪಾಲೆಂಬಾಂಗ್ ಸೆರೆಶಿಬಿರದ ಹೆಂಗಸರ ಮೇಳ

ಸಂಸ್ಥೆಯೊಂದರ ಚರಿತ್ರೆ ಬರೆಯಲು ಕೂತವರು ಮೊದಲು ಹುಡುಕುವುದು ನೋಂದಣಿ ಪತ್ರ, ನಡಾವಳಿ ಪುಸ್ತಕ, ದಾನಿಗಳ ಪಟ್ಟಿ, ಗೋಡೆಗೆ ನೇತುಹಾಕಿದ ಹಳೆಯ ಗ್ರೂಪ್ ಫೋಟೊ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾತ್ರಾ ದ್ವೀಪದ ಪಾಲೆಂಬಾಂಗ್ ಊರಿನ ಸೆರೆಶಿಬಿರದಲ್ಲಿ ಹುಟ್ಟಿದ ಹೆಂಗಸರ ಮೇಳಕ್ಕೆ ಇವು ಯಾವುವೂ ಇರಲಿಲ್ಲ. ಸ್ವಂತ ಜಾಗವಿರಲಿಲ್ಲ. ಹೆಸರಿಗೆ ಅದು ‘ವಾದ್ಯಗೋಷ್ಠಿ’ಯಾದರೂ ಒಂದೇ ಒಂದು ವಾದ್ಯವಿರಲಿಲ್ಲ. ಇದ್ದದ್ದು ಸುಮಾರು 30 ಮಂದಿ ಹಾಡುವವರು, ಹಾಡಿಸುವವರೊಬ್ಬರು, ಸ್ವರ ಬರೆದುಕೊಡುವ ಹಿರಿಯ ಶಿಕ್ಷಕಿಯೊಬ್ಬರು, ಪೆನ್ಸಿಲ್ಲು, ಒಂದಷ್ಟು ಹಾಳೆ.

1943ರ ಡಿಸೆಂಬರ್ 27ರಂದು ಈ ಮೇಳದ ಮೊದಲ ಕಛೇರಿ ನಡೆಯಿತು. 1945ರ ಏಪ್ರಿಲ್ ಹೊತ್ತಿಗೆ ಹಾಡುವವರಲ್ಲಿ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು, ಮೇಳ ನಿಂತುಹೋಗಿತ್ತು. ಇಷ್ಟು ಚಿಕ್ಕ ಆಯುಷ್ಯದ ಸಂಸ್ಥೆಯ ಕೃತಿಗಳನ್ನು ಅಮೆರಿಕ, ನೆದರ್‌ಲ್ಯಾಂಡ್ಸ್, ಇಂಗ್ಲೆಂಡಿನ ಹೆಂಗಸರ ಮೇಳಗಳು ಆಮೇಲೂ ಹಾಡಿದವು. ಸೆರೆಯಲ್ಲಿ ಹಾಡಿದವರು ಲೋಕದಲ್ಲಿ ಬಹಳ ಮಂದಿ. ಅವರ ಹಾಡಿಕೆ ಹೆಚ್ಚಾಗಿ ಅವರೊಂದಿಗೇ ಮುಗಿದುಹೋಗಿದೆ. ಇದೊಂದು ಮಾತ್ರ ಮುಗಿಯದೆ ಕೈಯಿಂದ ಕೈಗೆ ದಾಟಿದ್ದು ಹೇಗೆ ಎಂಬುದಕ್ಕೆ ಉತ್ತರ, ಆ ಹೆಂಗಸರು ಹಸಿವಿನ ನಡುವೆಯೂ ಅದನ್ನು ಅಚ್ಚುಕಟ್ಟಾಗಿ ನಡೆಸಿದ ರೀತಿಯಲ್ಲಿದೆ. ಯಾರು ಏನು ಮಾಡಬೇಕೆಂಬ ಕೆಲಸ ಹಂಚಿಕೆ ಅಲ್ಲಿತ್ತು. ತಾಲೀಮಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹಾಡಿದ್ದನ್ನೆಲ್ಲ ಬರೆದಿಡುವ ಪದ್ಧತಿಯಿತ್ತು.

ಸಿಂಗಪುರದಿಂದ ಸುಮಾತ್ರಾಕ್ಕೆ

1942ರ ಫೆಬ್ರುವರಿ 15ರಂದು ಬ್ರಿಟಿಷರ ಸಿಂಗಪುರ ಜಪಾನಿನ ವಶವಾಯಿತು. ಅದಕ್ಕೆ ಹಿಂದಿನ ಕೆಲವು ದಿನಗಳಲ್ಲಿ ಬಂದರಿನಲ್ಲಿದ್ದ ದೊಡ್ಡ ಚಿಕ್ಕ ಹಡಗುಗಳೆಲ್ಲ ಹೆಂಗಸರು ಮಕ್ಕಳನ್ನು ತುಂಬಿಕೊಂಡು ದಕ್ಷಿಣಕ್ಕೆ ಹೊರಟವು. ಹೆಚ್ಚಿನವು ದೂರ ಹೋಗಲಿಲ್ಲ. ಸುಮಾತ್ರಾಕ್ಕೂ ಬಂಕಾ ದ್ವೀಪಕ್ಕೂ ನಡುವಿನ ಜಲಸಂಧಿಯಲ್ಲಿ ಜಪಾನಿನ ವಿಮಾನಗಳೂ ಯುದ್ಧನೌಕೆಗಳೂ ಕಾಯುತ್ತಿದ್ದವು.

ಅಂಥ ಹಡಗುಗಳಲ್ಲಿ ‘ವೈನರ್ ಬ್ರೂಕ್’ ಒಂದು. ಆಸ್ಟ್ರೇಲಿಯಾ ಸೇನೆಯ 65 ಮಂದಿ ನರ್ಸುಗಳು ಅದರಲ್ಲಿದ್ದರು. ಫೆಬ್ರುವರಿ 14ರಂದು ಬಾಂಬಿನ ಏಟಿಗೆ ಹಡಗು ಮುಳುಗಿತು. 12 ಮಂದಿ ನರ್ಸುಗಳು ಸಮುದ್ರದ ಪಾಲಾದರು. ಬಂಕಾ ದ್ವೀಪದ ದಡ ಸೇರಿದವರಲ್ಲಿ 22 ಮಂದಿಯನ್ನು ಎರಡು ದಿನದ ನಂತರ ಜಪಾನಿ ಸೈನಿಕರು ನೀರಿಗಿಳಿಸಿ ಹಿಂದಿನಿಂದ ಗುಂಡಿಟ್ಟರು. ಅವರಲ್ಲಿ ಜೀವ ಉಳಿಸಿಕೊಂಡವರು ವಿವಿಯನ್ ಬುಲ್‌ವಿಂಕಲ್ ಒಬ್ಬರೇ. ಅವರೂ ಸೇರಿ 32 ನರ್ಸುಗಳು ಸೆರೆಯಾದರು. ಅದೇ ಹಡಗಿನಲ್ಲಿದ್ದ ಇನ್ನೊಬ್ಬರು ನೋರಾ ಚೇಂಬರ್ಸ್. ಮುಂದೆ ಮೇಳವನ್ನು ನಡೆಸಿದವರು ಇವರೇ.

ಡಚ್ಚರ ಕಥೆ ಬೇರೆ. ಸುಮಾತ್ರಾ ಅವರ ವಸಾಹತು. ಅಲ್ಲಿಯೇ ಮನೆಮಾರು ಮಾಡಿಕೊಂಡಿದ್ದ ಅಧಿಕಾರಿಗಳ, ಎಣ್ಣೆ ಕಂಪನಿ ನೌಕರರ, ತೋಟಗಾರರ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಶಿಬಿರಕ್ಕೆ ಬಂದರು. ಹಾಸಿಗೆ, ಪಾತ್ರೆ, ಪುಸ್ತಕ, ಅಷ್ಟಿಷ್ಟು ದುಡ್ಡು ಅವರ ಕೈಯಲ್ಲಿತ್ತು. ಸಮುದ್ರದಿಂದ ಎದ್ದುಬಂದ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಹೆಂಗಸರಿಗೆ ಮೈಮೇಲಿನ ಬಟ್ಟೆಯೇ ಆಸ್ತಿ. ಉಳ್ಳವರು, ಇಲ್ಲದವರು ಎಂಬ ಈ ಭೇದ, ಅದರ ಮೇಲೆ ಭಾಷೆಯ ಭೇದ, ಎರಡೂ ಸೇರಿ ಶಿಬಿರವನ್ನು ಮೊದಲ ದಿನದಿಂದಲೇ ಎರಡು ಪಾಲು ಮಾಡಿದ್ದವು. ಅಡುಗೆಯೂ ಬೇರೆ ಬೇರೆ: ಡಚ್ಚರದೊಂದು ಒಲೆ, ಬ್ರಿಟಿಷರದೊಂದು ಒಲೆ.

ಸಮುದ್ರದಿಂದ ಪಾರಾಗಿ ಬಂದ ಡಚ್ಚರೂ ಇದ್ದರು. ನೆದರ್‌ಲ್ಯಾಂಡ್ಸ್‌ನ ಪ್ರಧಾನಿಯಾಗಿದ್ದ ಹೆಂಡ್ರಿಕಸ್ ಕೊಲೈನ್ ಅವರ ಮೊಮ್ಮಕ್ಕಳಾದ ಹೆಲೆನ್, ಆಂಟೊನೆಟ್, ಅಲೆಟ್ ಎಂಬ ಮೂವರು ಅಕ್ಕತಂಗಿಯರು ತಮ್ಮ ಹಡಗು ಮುಳುಗಿ, ಜೀವರಕ್ಷಕ ದೋಣಿಯಲ್ಲಿ ಸುಮಾತ್ರಾದ ದಡ ಸೇರಿ ಸೆರೆಸಿಕ್ಕವರು. ಮೇಳದ ಕಥೆ ಹೊರಲೋಕಕ್ಕೆ ತಿಳಿಯುವುದರಲ್ಲಿ ಇವರ ಪಾಲು ದೊಡ್ಡದು.

ಭಾನುವಾರದ ಪ್ರಾರ್ಥನೆ

ಮೇಳಕ್ಕಿಂತ ಮುಂಚೆಯೂ ಹಾಡಿತ್ತು. 1942ರ ಏಪ್ರಿಲ್‌ನಿಂದ ಹೆಂಗಸರನ್ನು ಪಾಲೆಂಬಾಂಗ್‌ನ ಡಚ್ ಬಡಾವಣೆಯ ಖಾಲಿ ಮನೆಗಳಲ್ಲಿ ಕೂಡಿಹಾಕಲಾಗಿತ್ತು. ಕಿಕ್ಕಿರಿದ ಮನೆಗಳಾದರೂ ತಲೆಯ ಮೇಲೆ ಹೆಂಚಿನ ಸೂರಿತ್ತು. ಅಲ್ಲಿ ಮಾರ್ಗರೆಟ್ ಡ್ರೈಬರೋ ಎಂಬ ಐವತ್ತು ದಾಟಿದ ಮಿಷನರಿ ಶಿಕ್ಷಕಿ ಪ್ರಾರ್ಥನೆ ನಡೆಸುತ್ತಿದ್ದರು, ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಪದ್ಯ ನಾಟಕ ಬರೆಯುತ್ತಿದ್ದರು, ‘ಕ್ಯಾಂಪ್ ಕ್ರಾನಿಕಲ್’ ಎಂಬ ಪತ್ರಿಕೆಯನ್ನೂ ಹೊರಡಿಸಿದರು.

ಆ ವರ್ಷದ ಜುಲೈ 5, ಒಂದು ಭಾನುವಾರ. ಡ್ರೈಬರೋ ತಾವೇ ಸಾಹಿತ್ಯ, ಸಂಗೀತ ಎರಡನ್ನೂ ರಚಿಸಿದ ‘ಸೆರೆಯಾಳುಗಳ ಸ್ತೋತ್ರ’ವನ್ನು ಅಂದು ಮೊದಲ ಸಲ ಹಾಡಿದರು. ದನಿಗೂಡಿಸಿದವರು ಇಬ್ಬರು: ಶೀಲಾ ಬ್ರೌನ್ ಮತ್ತು ಡೊರೊಥಿ ಮೆಕ್ಲಿಯಡ್. ಅಲ್ಲಿಂದ ಮುಂದೆ ಅದು ಪ್ರತಿ ಭಾನುವಾರದ ಪ್ರಾರ್ಥನೆಯಾಯಿತು. ಯುದ್ಧ ಮುಗಿದ ಮೇಲೂ ಬದುಕುಳಿದವರು ತಮ್ಮ ಸ್ಮರಣ ಸಭೆಗಳಲ್ಲಿ ಅದನ್ನು ಹಾಡುತ್ತ ಬಂದರು.

1942ರ ಕ್ರಿಸ್‌ಮಸ್ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆಯಿತು. ಗಂಡಸರ ಶಿಬಿರ ಊರಿನ ಇನ್ನೊಂದು ಕಡೆ ಇತ್ತು. ಗಂಡ ಹೆಂಡಿರು ಪರಸ್ಪರ ಮುಖ ನೋಡುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಕೂಲಿಗೆಂದು ಹೊರಟ ಗಂಡಸರ ಸಾಲು ಹೆಂಗಸರ ಶಿಬಿರ ಕಾಣುವ ಹಾದಿಯಲ್ಲಿ ಬರುತ್ತಿರುವುದು ತಿಳಿದು ಹೆಂಗಸರು ಕ್ರಿಸ್‌ಮಸ್ ಕೀರ್ತನೆಯೊಂದನ್ನು ಎತ್ತಿದರು. ಮುಂದೆ ಗಂಡಸರೂ ಅದೇ ಹಾದಿಯಲ್ಲಿ ನಿಂತು ಹಾಡಿಯೇ ಉತ್ತರ ಕೊಟ್ಟರು. ಮಾತಿಗೆ ನಿಷೇಧವಿದ್ದ ಕಡೆ ಹಾಡಿನ ಮೂಲಕ ‘ಬದುಕಿದ್ದೇವೆ’ ಎಂದು ತಿಳಿಸಲು ಸಾಧ್ಯವೆಂಬುದು ಹೀಗೆ ಎರಡೂ ಕಡೆಯವರಿಗೆ ಗೊತ್ತಾಯಿತು.

ಇಬ್ಬರು ಸ್ಥಾಪಕಿಯರು

1943ರ ಸೆಪ್ಟೆಂಬರಿನಲ್ಲಿ ಆ ಮನೆಗಳೂ ತಪ್ಪಿದವು. ಗಂಡಸರನ್ನು ಬಂಕಾ ದ್ವೀಪಕ್ಕೆ ಸಾಗಿಸಿ, ಅವರು ಖಾಲಿ ಮಾಡಿದ ಬ್ಯಾರಕ್ಕುಗಳಿಗೆ ಹೆಂಗಸರನ್ನು ತಂದು ತುಂಬಿದರು. ಗರಿ ಹೊದಿಸಿದ ಉದ್ದನೆಯ ಚಪ್ಪರಗಳು, ಮಳೆ ಬಂದರೆ ಕೆಸರಾಗುವ ಮಣ್ಣಿನ ನೆಲ. ಎರಡೂ ಬದಿಗೆ ಹಲಗೆಯ ಜಗಲಿ. ಅದರ ಮೇಲೆ ಒಬ್ಬೊಬ್ಬರಿಗೆ ಸುಮಾರು 50 ಸೆಂಟಿಮೀಟರ್ ಅಗಲದ ಜಾಗ. ಮಲಗುವುದು, ಉಣ್ಣುವುದು, ಬಟ್ಟೆಬರೆ ಇಡುವುದು ಎಲ್ಲ ಅಲ್ಲೇ. ತಿಗಣೆ, ಇಲಿ. ಸೇದಿ ತರಬೇಕಾದ ಬಾವಿ ನೀರು. ಕಲ್ಲು ಹುಳು ಬೆರೆತ ಅಕ್ಕಿಯ ಅನ್ನ, ಜೊತೆಗೆ ಒಂದಿಷ್ಟು ಬಳ್ಳಿ ಸೊಪ್ಪು. ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಸೊಂಟ ಬಗ್ಗಿಸಿ ತಲೆಯೆಣಿಕೆ ಕೊಡಬೇಕು. ಬಗ್ಗಿದ್ದು ಸಾಲದೆಂದು ಕಾವಲುಗಾರನಿಗೆ ಅನ್ನಿಸಿದರೆ ಕೆನ್ನೆಗೆ ಏಟು.

ಇಲ್ಲಿ ಹಾಡು ಬರಬರುತ್ತ ಬತ್ತಿತು. ಎಲ್ಲರಿಗೂ ಬರುತ್ತಿದ್ದ ಹಾಡುಗಳನ್ನು ಹಾಡಿ ಹಾಡಿ ಸವೆಸಿಯಾಗಿತ್ತು. ಹೊಸದನ್ನು ಕಲಿಯೋಣವೆಂದರೆ ಮಾತುಗಳು ಯಾರಿಗೂ ಪೂರ್ತಿ ನೆನಪಿಲ್ಲ. ನೆನಪಿದ್ದರೂ ಇಂಗ್ಲಿಷಿನವರ ಹಾಡು ಡಚ್ಚರಿಗೆ ಒಗ್ಗದು, ಡಚ್ಚರದು ಇಂಗ್ಲಿಷಿನವರಿಗೆ ಒಗ್ಗದು.

ನೋರಾ ಚೇಂಬರ್ಸ್ ಆಗ ನಲವತ್ತರ ಹತ್ತಿರದವರು. ಹುಟ್ಟಿದ್ದು 1905ರಲ್ಲಿ, ಸಿಂಗಪುರದಲ್ಲಿ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪಿಟೀಲು ಕಲಿತು, ವಾದ್ಯವೃಂದದಲ್ಲಿ ನುಡಿಸಿದ ಅನುಭವವಿತ್ತು. ಎಂಜಿನಿಯರಾಗಿದ್ದ ಗಂಡ ಗಂಡಸರ ಶಿಬಿರದಲ್ಲಿ, ಯುದ್ಧ ಮಲಯ ತಲುಪಿದಾಗ ದೂರ ಕಳಿಸಿದ್ದ ಪುಟ್ಟ ಮಗಳು ಎಲ್ಲೋ. ಜೊತೆಗಿದ್ದವರು ತಂಗಿ ಈನಾ ಒಬ್ಬರೇ. ಶಿಬಿರದಲ್ಲಿ ಯಾರೂ ಒಪ್ಪದ ಶೌಚಗುಂಡಿ ಬಳಿಯುವ ಕೆಲಸಕ್ಕೆ ನೋರಾ ತಾವಾಗಿ ನಿಂತಿದ್ದರು.

ಮಾತು ಬೇಡವೇ ಬೇಡ, ವಾದ್ಯವೃಂದಕ್ಕೆ ಬರೆದ ಸಂಗೀತವನ್ನೇ ಕಂಠದಲ್ಲಿ ಹಾಡಿದರೆ ಹೇಗೆ ಎಂಬ ಯೋಚನೆ ಇವರದು. ಅದನ್ನು ಇವರು ಡ್ರೈಬರೋ ಅವರ ಮುಂದಿಟ್ಟರು. ನೆನಪಿನಿಂದ ಬರೆದುಕೊಡಬಲ್ಲವರು ಶಿಬಿರದಲ್ಲಿ ಯಾರಾದರೂ ಇದ್ದರೆ ಅದು ಅವರೇ.

ಡ್ರೈಬರೋ 1890ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. 1919ರಲ್ಲಿ ಚೀನಾಕ್ಕೆ ಹೋಗಿ ಮಿಷನ್ ಶಾಲೆಯಲ್ಲಿ ದುಡಿದರು, ಆಮೇಲೆ ಸಿಂಗಪುರದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಸಾಧಾರಣ ಮೈಕಟ್ಟು, ದಪ್ಪ ಗಾಜಿನ ಕನ್ನಡಕ, ಶಾಂತ ಮಾತು. ಸ್ವರ ಕಿವಿಗೆ ಬಿದ್ದೊಡನೆ ಗುರುತಿಸುವ, ಒಮ್ಮೆ ನುಡಿಸಿದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ನೆನಪು ಅವರದಾಗಿತ್ತು. ಆ ಗುಣ ಸೆರೆಯಲ್ಲಿ ಒಂದು ಗ್ರಂಥಾಲಯದಷ್ಟು ಬೆಲೆಬಾಳಿತು.

ನೆನಪಿನಿಂದ ಹಾಳೆಗೆ

ಕೆಲಸ ಹಂಚಿಕೆ ಹೀಗಿತ್ತು. ಡ್ರೈಬರೋ ಒಂದು ಕೃತಿಯನ್ನು ನೆನಪಿನಿಂದ ಹಾಳೆಗಿಳಿಸುತ್ತಿದ್ದರು. ಇಬ್ಬರೂ ಕೂತು ಅದನ್ನು ಹೆಂಗಸರ ನಾಲ್ಕು ದನಿಗಳಿಗೆ ಹೊಂದಿಸುತ್ತಿದ್ದರು: ಮೇಲಿನ ಸ್ಥಾಯಿಯ ಎರಡು, ಕೆಳಗಿನ ಸ್ಥಾಯಿಯ ಎರಡು. ನೋರಾ ಹಾಡುವವರನ್ನು ಆರಿಸಿ, ಕಲಿಸಿ, ಕೈಯಾಡಿಸಿ ನಡೆಸುತ್ತಿದ್ದರು. ಉಳಿದವರು ತಂತಮ್ಮ ದನಿಯ ಪಾಠವನ್ನು ಪ್ರತಿ ಮಾಡಿಕೊಳ್ಳಬೇಕು. ಹಾಳೆ ಅಲ್ಲಿ ಅಪರೂಪದ ವಸ್ತು. ಎರಡೂ ಮಗ್ಗುಲು ತುಂಬಿಸಿ, ಸಣ್ಣಗೆ, ಒತ್ತಾಗಿ ಬರೆಯುತ್ತಿದ್ದರು.

ಇದರಲ್ಲಿನ ಕಷ್ಟವೇನೆಂಬುದು ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಒಮ್ಮೆಗೇ ಹೊಳೆಯಲಿಕ್ಕಿಲ್ಲ. ಮಾತಿಲ್ಲದ ಹಾಡಿಕೆ ನಮಗೆ ಹೊಸದಲ್ಲ. ಆಲಾಪನೆಯಲ್ಲಿ ನಾವು ಕೇಳುವುದು ಅದನ್ನೇ. ಆದರೆ ಆಲಾಪನೆಯಲ್ಲಿ ಒಂದು ಕಂಠ ಒಂದೇ ಎಳೆಯನ್ನು ಬೆಳೆಸುತ್ತ ಹೋಗುತ್ತದೆ, ಹಿಂದೆ ತಂಬೂರಿಯ ಶ್ರುತಿ ಸದಾ ಇರುತ್ತದೆ. ಇಲ್ಲಿ ನಾಲ್ಕು ಎಳೆಗಳು ಏಕಕಾಲಕ್ಕೆ ಸಾಗಬೇಕು, ಪ್ರತಿ ಗಳಿಗೆಯೂ ಒಂದಕ್ಕೊಂದು ಕೂಡಬೇಕು. ಶ್ರುತಿ ಹಿಡಿದುಕೊಡುವ ವಾದ್ಯವೂ ಇಲ್ಲ. ಒಬ್ಬರ ಸ್ವರ ಕೂದಲೆಳೆಯಷ್ಟು ಜಾರಿದರೆ ನಾಲ್ಕೂ ಜಾರುತ್ತವೆ.

ಗಂಡು ದನಿಗಳಿಲ್ಲದ್ದು ಮತ್ತೊಂದು ತೊಡಕು. ವಾದ್ಯವೃಂದದಲ್ಲಿ ದೊಡ್ಡ ಪಿಟೀಲುಗಳು ಹಿಡಿಯುವ ಮಂದ್ರದ ಸ್ವರಗಳು ಹೆಂಗಸರ ಕಂಠಕ್ಕೆ ಎಟುಕವು. ಅವನ್ನು ಮೇಲೆತ್ತಿ, ಇದ್ದ ಸ್ಥಾಯಿಯೊಳಗೇ ಇಡೀ ಕೃತಿಯನ್ನು ಕೂರಿಸಬೇಕು. ಹಾಗೆ ಕೂರಿಸುವಾಗ ಯಾವ ಸ್ವರ ಬಿಟ್ಟರೆ ನಡೆದೀತು, ಯಾವುದನ್ನು ಬಿಟ್ಟರೆ ಕೃತಿಯೇ ಕೆಟ್ಟೀತು ಎಂಬ ವಿವೇಕ ಬೇಕು. ಆಮೇಲೆ ಅಕ್ಷರಗಳ ಪ್ರಶ್ನೆ. ಬರೀ ಬಾಯಿ ಮುಚ್ಚಿ ಗುನುಗಿದರೆ ಎಲ್ಲವೂ ಒಂದೇ ಬಣ್ಣವಾಗುತ್ತದೆ. ಆದ್ದರಿಂದ ‘ಆ’, ‘ಊ’, ‘ಲೂ’ ಮುಂತಾದ ಅಕ್ಷರಗಳನ್ನು ಬೇರೆ ಬೇರೆ ಕಡೆ ಹಾಕಿ, ತಂತಿಯ ನಾದ, ಊದುವಾದ್ಯದ ನಾದ, ಮೀಟಿನ ನಾದ ಬೇರೆಯಾಗಿ ಕೇಳುವಂತೆ ಮಾಡಿದರು.

ಎರಡು ಕೃತಿಗಳನ್ನು ಹತ್ತಿರದಿಂದ ನೋಡಬಹುದು. ಶೊಪಾನ್‌ನ ‘ಮಳೆಹನಿ’ ಪ್ರಿಲ್ಯೂಡ್ ಪಿಯಾನೊಗೆಂದು ಬರೆದದ್ದು. ಮೊದಲಿಂದ ಕೊನೆಯವರೆಗೂ ಅದರಲ್ಲಿ ಒಂದೇ ಸ್ವರ ಸಮಗತಿಯಲ್ಲಿ ತೊಟ್ಟಿಕ್ಕುತ್ತಿರುತ್ತದೆ; ಹೆಸರು ಬಂದದ್ದೇ ಅದರಿಂದ. ಪಿಯಾನೊ ನುಡಿಸುವವರಿಗೆ ಅದು ಬೆರಳ ತುದಿಯ ಕೆಲಸ. ಕಂಠಕ್ಕೆ ಹಾಗಲ್ಲ. ಒಂದೇ ಸ್ವರವನ್ನು ಇಳಿಯಗೊಡದೆ, ಏರಗೊಡದೆ, ಜೋರಾಗದಂತೆ ಮತ್ತೆ ಮತ್ತೆ ಇಡುತ್ತ ಹೋಗಬೇಕು. ಗಂಜಿ ಕುಡಿದ ಹೊಟ್ಟೆಯಲ್ಲಿ, ಮಲೇರಿಯಾದಿಂದ ಎದ್ದ ಮೈಯಲ್ಲಿ ಅದು ಸುಲಭವಲ್ಲ. ಇನ್ನೊಂದು ರಾವೆಲ್‌ನ ‘ಬೊಲೆರೊ’. 1928ರ ಈ ಕೃತಿಯಲ್ಲಿ ಚಿಕ್ಕ ಡೋಲಿನ ಒಂದೇ ಲಯ ಕೊನೆಯವರೆಗೂ ಬದಲಾಗುವುದಿಲ್ಲ. ಬದಲಾಗುವುದು ವಾದ್ಯಗಳ ಬಣ್ಣ ಮತ್ತು ಗಾತ್ರ. ಪಿಸುಮಾತಿನಿಂದ ಹೊರಟು ಇಡೀ ವಾದ್ಯವೃಂದದ ಅಬ್ಬರಕ್ಕೆ ಅದು ಏರುತ್ತದೆ. ಬಣ್ಣ ಬದಲಾಯಿಸುವ ವಾದ್ಯಗಳೇ ಇಲ್ಲದ ಕಡೆ ಈ ಕೃತಿಯನ್ನು ಎತ್ತಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ನೋರಾ ಎತ್ತಿಕೊಂಡರು.

ತಾಲೀಮು ದಿನದ ಕೆಲಸ ಮುಗಿದ ಮೇಲೆ. ಸೌದೆ ಒಡೆದು, ನೀರು ಹೊತ್ತು, ಶೌಚಗುಂಡಿ ಬಳಿದು ಬಂದವರು ಸಂಜೆ ಸಣ್ಣ ಸಣ್ಣ ಗುಂಪಾಗಿ ಸೇರುತ್ತಿದ್ದರು. ದೊಡ್ಡ ಗುಂಪು ಸೇರುವುದಕ್ಕೆ ನಿಷೇಧವಿತ್ತು. ಡಚ್ಚರ ಅಡುಗೆ ಚಪ್ಪರ ಇದಕ್ಕೆ ಒದಗಿಬಂತು. ಬ್ರಿಟಿಷ್ ಗೃಹಿಣಿಯರು, ಆಸ್ಟ್ರೇಲಿಯನ್ ನರ್ಸುಗಳು, ಡಚ್ ಹುಡುಗಿಯರು, ಕ್ರೈಸ್ತ ಸನ್ಯಾಸಿನಿಯರು ಒಂದೇ ಹಾಳೆ ನೋಡಿಕೊಂಡು ಹಾಡಿದರು. ಎರಡು ಒಲೆಯ ಶಿಬಿರದಲ್ಲಿ ಎರಡೂ ಕಡೆಯವರು ಸಮಸಮವಾಗಿ ಕೂತ ಜಾಗ ಇದು.

ಮೊದಲ ಕಛೇರಿ

1943ರ ಡಿಸೆಂಬರ್ 27ರ ಸಂಜೆ, ಶಿಬಿರದ ನಡುವಿನ ತೆರೆದ ಚಪ್ಪರದಲ್ಲಿ ಕಛೇರಿ. ಕೇಳುಗರು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ಹಾಡುವವರು ಕೂತೇ ಹಾಡಿದರು. ಅಷ್ಟು ಹೊತ್ತು ನಿಲ್ಲುವ ತ್ರಾಣ ಕಾಲುಗಳಲ್ಲಿ ಇರಲಿಲ್ಲ. ಎದ್ದು ನಿಂತವರು ನೋರಾ ಒಬ್ಬರೇ.

ಮೊದಲಿಗೆ ಡ್ರೈಬರೋ ನಾಲ್ಕು ಮಾತಾಡಿದರು. ಇದು ನೀವು ಈ ಮೊದಲು ಕೇಳದ ಬಗೆಯದು, ವಾದ್ಯಗಳಿಗೆಂದು ಬರೆದದ್ದನ್ನು ಹೆಣ್ಣುದನಿಗಳಲ್ಲಿ ಹಾಡುತ್ತೇವೆ, ಹಾಡಿನ ಮಾತುಗಳು ಮರೆತುಹೋದ್ದರಿಂದಲೇ ನಮಗೆ ಈ ದಾರಿ ಹೊಳೆಯಿತು, ಕಣ್ಣು ಮುಚ್ಚಿ ದೊಡ್ಡ ಸಭಾಂಗಣದಲ್ಲಿ ಹೆಸರಾಂತ ವಾದ್ಯವೃಂದದ ಮುಂದೆ ಕೂತಿದ್ದೀರಿ ಎಂದುಕೊಳ್ಳಿ ಎಂಬುದು ಅವರ ಮಾತಿನ ಸಾರ.

ಮೊದಲು ಎತ್ತಿಕೊಂಡದ್ದು ದ್ವೊರಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯ ‘ಲಾರ್ಗೊ’ ಭಾಗ. ಅಮೆರಿಕದಲ್ಲಿದ್ದಾಗ ಬೊಹೀಮಿಯದ ಸಂಗೀತಕಾರ 1893ರಲ್ಲಿ ಮುಗಿಸಿದ, ಸಾವಧಾನವಾಗಿ ಹರಿಯುವ ಕೃತಿ. ಅಲ್ಲಿ ಹಾಜರಿದ್ದ ಹೆಲೆನ್ ಕೊಲೈನ್ ಮುಂದೆ ಬರೆದಿರುವಂತೆ, ಹಾಡು ನಡೆಯುತ್ತಿದ್ದಾಗಲೇ ಕಾವಲುಗಾರನೊಬ್ಬ ಬಂದೂಕಿನ ತುದಿಗೆ ಬಯೊನೆಟ್ ಸಿಕ್ಕಿಸಿಕೊಂಡು, ಗುಂಪು ಚದುರಿಸಲು ಕೂಗಾಡುತ್ತ ನುಗ್ಗಿದ. ನೋರಾ ಕೈ ನಿಲ್ಲಿಸಲಿಲ್ಲ, ದನಿಗಳೂ ನಿಲ್ಲಲಿಲ್ಲ. ಅವನೇ ನಿಂತ. ಕಛೇರಿ ಮುಗಿಯುವವರೆಗೂ ಕೇಳುತ್ತ ಅಲ್ಲೇ ಇದ್ದ. ಮುಂದಿನ ಕಛೇರಿಗಳಿಗೆ ಕಾವಲಿನವರೂ ಬಂದು ಕೇಳುತ್ತಿದ್ದರು. ಹಾಗೆಂದು ಏಟು ಕಡಿಮೆಯಾಗಲಿಲ್ಲ, ಅಕ್ಕಿ ಹೆಚ್ಚಾಗಲಿಲ್ಲ.

1944ರಲ್ಲಿ ಮೇಳದ ಹಾಡಿಕೆ ಮುಂದುವರಿಯಿತು. ಸುಮಾರು 30 ಕೃತಿಗಳು ತಯಾರಾದವು. ಬೆಥೋವನ್‌ನ ‘ಮೂನ್‌ಲೈಟ್’ ಸೊನಾಟದ ಮೊದಲ ಭಾಗ, ಡೆಬ್ಯುಸಿಯ ‘ರೆವೆರಿ’, ಬ್ರಾಮ್ಸ್‌ನ ವಾಲ್ಟ್ಜ್, ಚೈಕೋವ್‌ಸ್ಕಿಯ ‘ಆಂದಾಂತೆ ಕಾಂತಾಬಿಲೆ’, ಹ್ಯಾಂಡಲ್‌ನ ‘ಮೆಸೈಯಾ’ದ ವಾದ್ಯಭಾಗವೊಂದು, ಐರ್ಲೆಂಡಿನ ಜನಪದ ಮಟ್ಟು ‘ಲಂಡನ್‌ಡೆರಿ ಏರ್’ ಇವುಗಳಲ್ಲಿ ಕೆಲವು. ಶಿಬಿರದಲ್ಲಿ ದಿನಚರಿ ಬರೆದಿಟ್ಟ ನರ್ಸ್ ಬೆಟ್ಟಿ ಜೆಫ್ರಿ ಕೂಡ ಮೇಳದಲ್ಲಿ ಹಾಡುತ್ತಿದ್ದರು. ಅವರ ದಿನಚರಿ 1954ರಲ್ಲಿ ‘ವೈಟ್ ಕೂಲೀಸ್’ ಎಂಬ ಪುಸ್ತಕವಾಗಿ ಬಂತು.

ಅಪ್ಪಣೆಯ ಸಂಗೀತ, ಕದ್ದ ಸಂಗೀತ

ಅದೇ ಕಾಲದ ಯುರೋಪಿನ ಎರಡು ಶಿಬಿರಗಳನ್ನು ಪಕ್ಕದಲ್ಲಿಟ್ಟರೆ ಪಾಲೆಂಬಾಂಗ್‌ನ ಜಾಯಮಾನ ಸ್ಪಷ್ಟವಾಗುತ್ತದೆ.

ನಾಜಿಗಳ ಆಶ್ವಿಟ್ಜ್-ಬಿರ್ಕೆನೌ ಶಿಬಿರದಲ್ಲಿ 1943ರಲ್ಲಿ ಹೆಂಗಸರ ವಾದ್ಯವೃಂದ ಶುರುವಾಯಿತು. ಮೊದಲು ಪೋಲೆಂಡಿನ ಜೋಫಿಯಾ ಚೈಕೋವ್‌ಸ್ಕಾ, ಆ ವರ್ಷದ ಆಗಸ್ಟ್‌ನಿಂದ ವಿಯೆನ್ನಾದ ಹೆಸರಾಂತ ಪಿಟೀಲುಗಾರ್ತಿ ಆಲ್ಮಾ ರೋಸೆ ಅದನ್ನು ನಡೆಸಿದರು. ರೋಸೆ ಸಂಗೀತಕಾರ ಗುಸ್ತಾವ್ ಮಾಹ್ಲರ್‌ನ ಸೋದರಿಯ ಮಗಳು. ಅಲ್ಲಿ ವಾದ್ಯಗಳಿದ್ದವು, ತಾಲೀಮಿಗೆ ಕೋಣೆಯಿತ್ತು. ಆದರೆ ಅದು ಶಿಬಿರದ ಅಧಿಕಾರಿಗಳ ಆಜ್ಞೆಯಿಂದ ಹುಟ್ಟಿದ್ದು. ಬೆಳಗ್ಗೆ ಕೂಲಿಗೆ ಹೋಗುವವರು, ಸಂಜೆ ಮರಳುವವರು ಹೆಜ್ಜೆ ಹಾಕಲೆಂದು ಗೇಟಿನ ಬಳಿ ಕೂತು ನುಡಿಸಬೇಕಿತ್ತು. ಚೆನ್ನಾಗಿ ನುಡಿಸದಿದ್ದರೆ ಏನಾದೀತೆಂಬುದು ಎಲ್ಲರಿಗೂ ಗೊತ್ತಿತ್ತು. ರೋಸೆ ಶಿಸ್ತಿನಲ್ಲಿ ಕಠೋರರಾಗಿದ್ದದ್ದು ಅದಕ್ಕೇ. 1944ರ ಏಪ್ರಿಲ್‌ನಲ್ಲಿ ಅವರು ಅಲ್ಲೇ ತೀರಿಕೊಂಡರು. ಅವರ ಕೈಕೆಳಗೆ ನುಡಿಸಿದವರಲ್ಲಿ ಹಲವರು ಜೀವ ಉಳಿಸಿಕೊಂಡರು. ಚೆಲ್ಲೊ ನುಡಿಸುತ್ತಿದ್ದ ಅನಿಟಾ ಲಾಸ್ಕರ್-ವಾಲ್ಫಿಶ್ ಅವರಲ್ಲೊಬ್ಬರು.

ಜರ್ಮನಿಯ ರಾವೆನ್ಸ್‌ಬ್ರುಕ್ ಹೆಂಗಸರ ಶಿಬಿರದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಫ್ರಾನ್ಸಿನ ಮಾನವಶಾಸ್ತ್ರಜ್ಞೆ ಜರ್ಮೇನ್ ತಿಯೋಂ 1944ರ ಅಕ್ಟೋಬರಿನಲ್ಲಿ ಕೂಲಿ ತಪ್ಪಿಸಿಕೊಂಡು, ಸರಕಿನ ಪೆಟ್ಟಿಗೆಯೊಂದರಲ್ಲಿ ಅಡಗಿ ಕೂತು, ಶಿಬಿರದ ಬದುಕನ್ನೇ ಗೇಲಿ ಮಾಡುವ ಸಂಗೀತ ನಾಟಕವೊಂದನ್ನು ಬರೆದರು. ಗೆಳತಿಯರು ಕಾವಲು ನಿಂತು ಮಟ್ಟುಗಳನ್ನು ನೆನಪಿಸಿಕೊಟ್ಟರು. ಎಲ್ಲರಿಗೂ ಗೊತ್ತಿದ್ದ ಹಾಡುಗಳ ಮಟ್ಟಿಗೆ ಹೊಸ ಮಾತು ಕೂರಿಸಿದ್ದರಿಂದ ಸ್ವರ ಬರೆಯುವ ಅಗತ್ಯವೂ ಬೀಳಲಿಲ್ಲ. ಆ ನಾಟಕ ಮೊದಲ ಬಾರಿಗೆ ರಂಗಕ್ಕೆ ಬಂದದ್ದು 2007ರಲ್ಲಿ, ಪ್ಯಾರಿಸ್‌ನ ಶಾತಲೆ ರಂಗಮಂದಿರದಲ್ಲಿ. ತಿಯೋಂ ಅವರಿಗೆ ಆಗಷ್ಟೇ ನೂರು ತುಂಬಿತ್ತು.

ಪಾಲೆಂಬಾಂಗ್‌ನ ಮೇಳ ಯಾರ ಅಪ್ಪಣೆಯಿಂದಲೂ ಹುಟ್ಟಲಿಲ್ಲ, ಪೂರಾ ಗುಟ್ಟಾಗಿಯೂ ಉಳಿಯಲಿಲ್ಲ. ಸೆರೆಯಾಳುಗಳಿಗಾಗಿ ಸೆರೆಯಾಳುಗಳೇ ಬಹಿರಂಗವಾಗಿ ನಡೆಸಿದ್ದದು. ಹಾಡಿದ್ದಕ್ಕೆ ಯಾರಿಗೂ ಹೆಚ್ಚಿನ ತುತ್ತು ಸಿಗಲಿಲ್ಲ, ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದು ನಡೆದದ್ದು ಸದಸ್ಯರ ಹಟದಿಂದ.

ಮುಂಟೋಕ್, ಬೆಲಾಲೌ

1944ರ ಅಕ್ಟೋಬರಿನಲ್ಲಿ ಹೆಂಗಸರನ್ನು ಮತ್ತೆ ಬಂಕಾ ದ್ವೀಪದ ಮುಂಟೋಕ್‌ಗೆ ಸಾಗಿಸಿದರು. ಅಲ್ಲಿನ ಜ್ವರ ಒಬ್ಬರನ್ನೂ ಬಿಡಲಿಲ್ಲ. ಮಲೇರಿಯಾ, ಆಮಶಂಕೆ, ಬೆರಿಬೆರಿ ಒಂದರ ಬೆನ್ನಿಗೊಂದು ಬಂದವು. ಕ್ವಿನೈನ್ ಬೇಕಾದಷ್ಟು ಸಿಗುತ್ತಿರಲಿಲ್ಲ. ಕೈಲಾದವರು ಗುಂಡಿ ತೋಡಬೇಕು, ಸತ್ತವರನ್ನು ಹೂಳಬೇಕು. ಒಂದು ದನಿಗೆ ಏಳೆಂಟು ಮಂದಿಯಿದ್ದ ಮೇಳದಲ್ಲಿ ಒಬ್ಬೊಬ್ಬರಾಗಿ ಕಳಚಿಕೊಂಡರು. ನಾಲ್ಕು ದನಿಯ ಕೃತಿಗೆ ಯಾವುದಾದರೂ ಒಂದು ದನಿ ಪೂರ್ತಿ ಇಲ್ಲವಾದರೆ ಹಾಡುವಂತೆಯೇ ಇಲ್ಲ. ಉಳಿದವರಿಗಾದರೂ ಸ್ವರ ಹಿಡಿದಿಡುವಷ್ಟು ಉಸಿರು ಎಲ್ಲಿತ್ತು?

1945ರ ಏಪ್ರಿಲ್‌ನಲ್ಲಿ ಕೊನೆಯ ಸ್ಥಳಾಂತರ. ಹಡಗು, ಮುಚ್ಚಿದ ರೈಲು, ಲಾರಿ ಹತ್ತಿಸಿ ಸುಮಾತ್ರಾದ ಒಳನಾಡಿನ ಲುಬುಕ್ ಲಿಂಗೌ ಬಳಿಯ ಬೆಲಾಲೌ ರಬ್ಬರ್ ತೋಟಕ್ಕೆ ಒಯ್ದರು. ದಾರಿಯಲ್ಲೇ ಕೆಲವರು ಸತ್ತರು. ಮಾರ್ಗರೆಟ್ ಡ್ರೈಬರೋ ಬೆಲಾಲೌ ತಲುಪಿದ ಕೆಲವೇ ದಿನಗಳಲ್ಲಿ, ಏಪ್ರಿಲ್ 21ರಂದು ತೀರಿಕೊಂಡರು. ವಯಸ್ಸು 55.

ಜಪಾನ್ ಶರಣಾದ ಸುದ್ದಿಯನ್ನು ಬೆಲಾಲೌನವರಿಗೆ ಹೇಳಿದ್ದು ಆಗಸ್ಟ್ 24ರಂದು, ಒಂಬತ್ತು ದಿನ ತಡವಾಗಿ. 32 ಆಸ್ಟ್ರೇಲಿಯನ್ ನರ್ಸುಗಳಲ್ಲಿ ಎಂಟು ಮಂದಿ ಸೆರೆಯಲ್ಲೇ ಸತ್ತಿದ್ದರು. ಕೊನೆಯವರು ಕಣ್ಣು ಮುಚ್ಚಿದ್ದು ಆಗಸ್ಟ್ 18ರಂದು, ಯುದ್ಧ ನಿಂತು ಮೂರು ದಿನವಾದ ಮೇಲೆ. ಕೊಲೈನ್ ಅಕ್ಕತಂಗಿಯರ ತಂದೆ ಗಂಡಸರ ಶಿಬಿರದಲ್ಲಿ ತೀರಿಹೋಗಿದ್ದರು. ನೋರಾ ಅವರ ಗಂಡ ಬದುಕಿದ್ದರು, ಮಗಳೂ ಸಿಕ್ಕಳು. ದಂಪತಿ ಕೆಲಕಾಲ ಮಲಯದಲ್ಲಿದ್ದು ಆಮೇಲೆ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ನೆಲೆಸಿದರು. ನೋರಾ ಅಲ್ಲಿಯೂ ಚರ್ಚಿನ ಮೇಳವೊಂದನ್ನು ನಡೆಸಿದರು.

ಹಾಳೆಗಳ ಪಯಣ

ಶಿಬಿರದಿಂದ ಹೊರಬರುವಾಗ ಆಂಟೊನೆಟ್ ಕೊಲೈನ್ ತಮ್ಮ ಬಳಿಯಿದ್ದ ಸ್ವರದ ಹಾಳೆಗಳನ್ನು ಜತನವಾಗಿ ತಂದಿದ್ದರು. ಮೇಳದಲ್ಲಿ ಹಾಡುತ್ತಿದ್ದವರು ಅವರು. ಪಾಲೆಂಬಾಂಗ್‌ನಿಂದ ಮುಂಟೋಕ್‌ಗೆ, ಅಲ್ಲಿಂದ ಬೆಲಾಲೌಗೆ, ಹೊರುವ ಪ್ರತಿ ವಸ್ತುವಿನ ತೂಕ ಲೆಕ್ಕ ಹಾಕಬೇಕಿದ್ದ ದಿನಗಳಲ್ಲಿ ಆ ಹಾಳೆಗಳನ್ನು ಅವರು ಬಿಸಾಡಿರಲಿಲ್ಲ. ಮದುವೆಯಾಗಿ ಆಂಟೊನೆಟ್ ಮೇಯರ್ ಆದ ಅವರು 1980ರಲ್ಲಿ ಅವನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಭಂಡಾರಕ್ಕೆ ಕೊಟ್ಟರು.

ಅಲ್ಲಿಗೆ ಸಮೀಪದ ಪಾಲೊ ಆಲ್ಟೊದಲ್ಲಿ ‘ಪೆನಿನ್ಸುಲಾ ವುಮೆನ್ಸ್ ಕೋರಸ್’ ಎಂಬ ಹೆಂಗಸರ ಮೇಳವಿತ್ತು. ಅದರ ನಿರ್ದೇಶಕಿ ಪ್ಯಾಟ್ರಿಶಿಯಾ ಹೆನಿಂಗ್ಸ್ ಈ ಹಾಳೆಗಳನ್ನು ಹಿಡಿದು ಹಾಡಿಸಲು ಶುರುಮಾಡಿದರು. ನಲವತ್ತು ವರ್ಷಗಳ ನಂತರ ಆ ಕೃತಿಗಳು ಮತ್ತೆ ಕಿವಿಗೆ ಬಿದ್ದಾಗ ಶಿಬಿರದಿಂದ ಬದುಕಿ ಬಂದ ಕೆಲವರು ಸಭೆಯಲ್ಲಿದ್ದರು. ಆ ಹಾಡಿಕೆಯನ್ನೂ ಬದುಕುಳಿದವರ ಮಾತನ್ನೂ ಸೇರಿಸಿ 1985ರಲ್ಲಿ ‘ಸಾಂಗ್ ಆಫ್ ಸರ್ವೈವಲ್’ ಸಾಕ್ಷ್ಯಚಿತ್ರ ಬಂತು. ಅದೇ ಹೆಸರಿನಲ್ಲಿ ಹೆಲೆನ್ ಕೊಲೈನ್ 1995ರಲ್ಲಿ ಪುಸ್ತಕ ಪ್ರಕಟಿಸಿದರು.

ಮೇಳದ ಹೆಸರು ಜನಸಾಮಾನ್ಯರ ಬಾಯಿಗೆ ಬಂದದ್ದು 1997ರ ‘ಪ್ಯಾರಡೈಸ್ ರೋಡ್’ ಚಲನಚಿತ್ರದಿಂದ. ಆಸ್ಟ್ರೇಲಿಯಾದ ಬ್ರೂಸ್ ಬೆರೆಸ್‌ಫರ್ಡ್ ಅದನ್ನು ನಿರ್ದೇಶಿಸಿದರು. ಗ್ಲೆನ್ ಕ್ಲೋಸ್ ಮಾಡಿದ ಪಾತ್ರಕ್ಕೆ ನೋರಾ ಮೂಲ, ಪಾಲಿನ್ ಕಾಲಿನ್ಸ್ ಮಾಡಿದ ಪಾತ್ರಕ್ಕೆ ಡ್ರೈಬರೋ ಮೂಲ. ಹೆಸರುಗಳನ್ನೂ ಘಟನೆಗಳನ್ನೂ ಸಿನಿಮಾಕ್ಕೆ ಬೇಕಾದಂತೆ ಬದಲಾಯಿಸಲಾಗಿದೆ; ಅದನ್ನು ನೋಡಿ ಶಿಬಿರದ ಚರಿತ್ರೆ ಬರೆಯುವಂತಿಲ್ಲ. ಆದರೆ ಸಂಗೀತಕ್ಕೆ ಡ್ರೈಬರೋ ಮತ್ತು ನೋರಾ ಮಾಡಿದ ಅಳವಡಿಕೆಗಳನ್ನೇ ಬಳಸಿದರು. ಹಾಡಿದವರು ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನ ‘ಮಾಲೆ ಬಾಬೆ’ ಎಂಬ ಹೆಂಗಸರ ಮೇಳದವರು, ಹಾಡಿಸಿದವರು ಲೆನಿ ಫಾನ್ ಸ್ಕೈಕ್. ನೋರಾ 1989ರಲ್ಲೇ ತೀರಿಕೊಂಡಿದ್ದರಿಂದ ಈ ಚಿತ್ರವನ್ನು ನೋಡಲಾಗಲಿಲ್ಲ. ಮೆಲ್ಬೋರ್ನ್‌ನಲ್ಲಿ ಬೆಟ್ಟಿ ಜೆಫ್ರಿ, ಪರ್ತ್‌ನಲ್ಲಿ ವಿವಿಯನ್ ಬುಲ್‌ವಿಂಕಲ್ ಆಗಿನ್ನೂ ಬದುಕಿದ್ದರು. ಇಬ್ಬರೂ ತೀರಿಕೊಂಡದ್ದು 2000ದಲ್ಲಿ.

ಈ ಅಳವಡಿಕೆಗಳನ್ನು ಕೈಗೆತ್ತಿಕೊಳ್ಳುವ ಮೇಳಗಳಿಗೆ ಒಂದು ಅನುಕೂಲ ಸಿಕ್ಕಿದೆ. ಗಂಡುದನಿ ಬೇಡ, ಪಕ್ಕವಾದ್ಯ ಬೇಡ, ಯಾವ ಭಾಷೆಯ ಉಚ್ಚಾರವನ್ನೂ ಕಲಿಯಬೇಕಿಲ್ಲ. ನಾಲ್ಕು ದನಿಗೆ ಸಾಲುವಷ್ಟು ಹೆಂಗಸರು, ತಿಂಗಳುಗಟ್ಟಲೆ ತಾಲೀಮು, ಹಾಳೆಯಲ್ಲಿ ಬರೆದಂತೆ ಹಾಡುವ ಶಿಸ್ತು ಇದ್ದರೆ ಸಾಕು. 1943ರಲ್ಲಿ ಇಂಗ್ಲಿಷ್, ಡಚ್ ಭಾಷೆಗಳ ತೊಡಕು ದಾಟಲು ಕಂಡುಕೊಂಡ ಉಪಾಯವೇ ಕ್ಯಾಲಿಫೋರ್ನಿಯಾದವರಿಗೂ ಹಾರ್ಲೆಮ್‌ನವರಿಗೂ ಒಂದೇ ಹಾಳೆಯಿಂದ ಹಾಡಲು ದಾರಿಮಾಡಿಕೊಟ್ಟಿತು.